ಟ್ರೆಮೇನ್‌ನ ಬೋರ್ಡು

ಅಕ್ಟೋಬರ್ 17, ಗುರುವಾರ

ಆ ಹಾಳು ಬೋರ್ಡು ನನ್ನ ನಿದ್ದೆ ಕೆಡಿಸಿದೆ. ಮಗ ಟ್ರೆಮೇನ್‌ನನ್ನು ನದಿಯಾಚೆಯ ಸಿರಿವಂತರ ಶಾಲೆಗೆ ಸೇರಿಸುವಾಗ ನಮ್ಮದೆಂದು ಅಲ್ಲೇ ಇರುವ ಅಕ್ಕ ಲೊರೇನಳ ವಿಳಾಸ ಕೊಟ್ಟಿದ್ದೆ; ಆ ಕಡೆ ವಾಸಿಸುವವರ ಮಕ್ಕಳಿಗಷ್ಟೇ ಅಲ್ಲಿ ಪ್ರವೇಶ. ಫುಟ್‌ಬಾಲ್ ತಂಡದ ತಾಯಂದಿರು ಇವತ್ತು ಪ್ರತಿ ಆಟಗಾರನ ಮನೆ ಮುಂದೆ ಹೆಸರಿನ ಬೋರ್ಡು ನೆಟ್ಟರು. ಇವನದನ್ನು ಅಕ್ಕನ ಅಂಗಳದಲ್ಲಿ. ಸಂಜೆ ಇವನು ಅದನ್ನು ಕಿತ್ತು ತಂದು ನದಿಯ ಈಚೆ, ಗಾಲಿ ಮೇಲಿನ ನಮ್ಮ ಟ್ರೇಲರ್ ಮನೆ ಮುಂದೆ ನೆಟ್ಟ.

"ಯಾರಾದ್ರೂ ನೋಡಿದ್ರೆ ತಂಡದಿಂದ ತೆಗೆದುಹಾಕ್ತಾರೆ ಕಣೋ."

"ಆಡೋದು ನಾನು. ನನ್ನ ಹೆಸರು ದೊಡ್ಡಮ್ಮನ ಮನೆ ಮುಂದೆ ಯಾಕಮ್ಮ ನಿಂತಿರ್ಬೇಕು?"

ಬೈದೆ. ಊಟ ಬಿಟ್ಟು ಮಲಗಿದ.

ನಾಳೆ ಪಂದ್ಯ. ಎದುರಾಳಿಗಳ ಬಸ್ಸು ಇದೇ ದಾರಿಯಲ್ಲಿ ಬರುತ್ತದೆ; ಬೋರ್ಡು ಕಂಡರೆ ದೂರು ಕೊಟ್ಟಾರು. ಕಿತ್ತುಬಿಡೋಣವೆಂದು ಈಗ ಹೊರಗೆ ಹೋದೆ. ಬೋರ್ಡು ಗಾಳಿಗೆ ವಾಲಿತ್ತು. ನೆಟ್ಟಗೆ ನಿಲ್ಲಿಸಿ, ಬುಡಕ್ಕೆ ಎರಡು ಕಲ್ಲು ಒತ್ತಿ ಬಂದೆ.