ಮೇಷ್ಟ್ರು ಸಹಿ ಹಾಕುವ ಪತ್ರ

ಮಂಗಳವಾರ, ಜೂನ್ ೧೦

ಪ್ರೀತಿಯ ಮೊಂಡಿಗೆ, ಅಕ್ಕನ ಆಶೀರ್ವಾದಗಳು.

ನಾವು ಕ್ಷೇಮ. ನಿನ್ನ ಪತ್ರ ಬಂದು ಎಂಟು ದಿನವಾಯಿತು. ತಡವಾಯಿತೆಂದು ಮುನಿಸಿಕೊಳ್ಳಬೇಡ. ಮೂರು ಸಲ ಬರೆಯಲು ಕೂತೆ, ಮೂರು ಸಲವೂ ಬರೀ ಬೈಗುಳವೇ ಬಂದು ಹರಿದು ಹಾಕಿದೆ. ಇದೂ ಬೇರೆ ಥರ ಆಗುವ ಲಕ್ಷಣವಿಲ್ಲ. ಆದರೆ ನಿನ್ನ ಅರ್ಜಿಗೆ ಉಳಿದಿರುವುದು ಹತ್ತೇ ದಿನ, ಆದ್ದರಿಂದ ಬೈಗುಳದ ಸಮೇತ ಕಳಿಸುತ್ತಿದ್ದೇನೆ.

ನಮ್ಮ ಬಣ್ಣದ ಕಾರ್ಖಾನೆಯಲ್ಲಿ ಈ ವಾರ ಒಂದು ಟ್ಯಾಂಕ್ ಪೂರ್ತಿ ಬೂದು ಬಣ್ಣ ಕೆಟ್ಟಿತು. ಕೆಡುತ್ತದೆಂದು ನಾನು ಎರಡು ದಿನ ಮೊದಲೇ ಬರೆದುಕೊಟ್ಟಿದ್ದೆ. “ನೀವು ಚೆಕ್ ಮಾಡಿ ಸಾಕು ಮೇಡಂ, ಯೋಚನೆ ಮಾಡೋಕೆ ನಾವಿದ್ದೀವಿ” ಅಂದಿದ್ದರು ಮ್ಯಾನೇಜರು. ಎಂ.ಎಸ್ಸಿ. ಮುಗಿಸಿ ಹನ್ನೊಂದು ವರ್ಷದ ಮೇಲೆ ನನ್ನ ಬೆಲೆ ಇಷ್ಟು.

ಇನ್ನು ನಿನ್ನ ವಿಷಯ. ಸಂಶೋಧನೆಗೆ ಸೇರಲು ನೀನು ನಿಮ್ಮ ಮೇಷ್ಟ್ರ ಹತ್ತಿರ ಶಿಫಾರಸು ಪತ್ರ ಕೇಳಿದೆ. “ನೀನೇ ಬರ್ಕೊಂಡು ಬಾಮ್ಮ, ಸೈನ್ ಹಾಕ್ತೀನಿ” ಅಂದರು. ಎಲ್ಲ ಮೇಷ್ಟ್ರೂ ಅನ್ನುವುದು ಅದನ್ನೇ. ನೀನು ಬರೆದು, ಹೇಗಿದೆ ನೋಡಕ್ಕ ಎಂದು ನನಗೊಂದು ಪ್ರತಿ ಕಳಿಸಿದ್ದೀಯ. ನೋಡಿದೆ. ‘ವಿನಯವಂತೆ. ಸಮಯಕ್ಕೆ ಸರಿಯಾಗಿ ಬರುತ್ತಾಳೆ. ಪ್ರಯೋಗಾಲಯವನ್ನು ಶುಚಿಯಾಗಿ ಇಟ್ಟುಕೊಳ್ಳುತ್ತಾಳೆ.’ ಏನೇ ಇದು? ವಿಶ್ವವಿದ್ಯಾಲಯದವರೇನು ಸೊಸೆ ಬೇಕು ಅಂತ ಕೇಳಿದ್ದರಾ?

ಸೀಸ ಬೆರೆತ ನೀರಿಗೆ ಅದ್ದಿದರೆ ಕೆಂಪಗಾಗುವ ಆ ಕಾಗದದ ಪಟ್ಟಿ ಮಾಡಿದವರು ಯಾರು, ನಿಮ್ಮ ಮೇಷ್ಟ್ರೇ? ಅರವತ್ತೆರಡು ಸಲ ಕೆಟ್ಟು, ಅರವತ್ತಮೂರನೆಯ ಸಲ ಗೆದ್ದಾಗ ಫೋನಿನಲ್ಲಿ ಕಿರುಚಿ ನನ್ನ ಕಿವಿ ತೂತು ಮಾಡಿದ್ದೆಯಲ್ಲ! ಅದರ ಬಗ್ಗೆ ಒಂದಕ್ಷರ ಇಲ್ಲ. ನಿನ್ನ ಪಕ್ಕದ ಬೆಂಚಿನವನು ‘ಇಪ್ಪತ್ತು ವರ್ಷದಲ್ಲಿ ಇಂಥ ಪ್ರತಿಭೆ ಕಂಡಿಲ್ಲ’ ಎಂದು ತನಗೆ ತಾನೇ ಬರೆದುಕೊಂಡನಂತೆ. ಅವನ ಪಟ್ಟಿ ಇವತ್ತಿಗೂ ಬಣ್ಣ ತಿರುಗಿಲ್ಲ. ನೀನೋ, ಮನೆಯಲ್ಲಿ ಹುಲಿ, ಬೀದಿಯಲ್ಲಿ ಇಲಿ.

ಅಪ್ಪ ಫೋನ್ ಮಾಡಿದ್ದರು. “ಟೀಚರ್ ಟ್ರೈನಿಂಗ್ ಮಾಡ್ಕೊಳ್ಳಲಿ, ಇಲ್ಲ ಬ್ಯಾಂಕ್ ಪರೀಕ್ಷೆ ಬರೀಲಿ. ಇನ್ನೂ ಐದು ವರ್ಷ ಓದೋದು ಅಂದ್ರೆ ಹುಡುಗಾಟಾನಾ?” ಅಂದರು. ನಿನ್ನ ಭಾವ ಪಕ್ಕದಲ್ಲೇ ಕೂತು ತಲೆಯಾಡಿಸಿದರು. ಅದೇ ಐದು ವರ್ಷ ಓದಿ ಹೆಸರಿನ ಮುಂದೆ ‘ಡಾಕ್ಟರ್’ ಹಾಕಿಸಿಕೊಂಡವರು! “ಅವಳ ಕೈಲಿ ಅಷ್ಟು ಒತ್ತಡ ತಡ್ಕೊಳ್ಳೋಕಾಗಲ್ಲ ಕಣೆ” ಅಂದರು. ನನಗೆ ಮೈಯೆಲ್ಲ ಉರಿದುಹೋಯಿತು. “ನೀವು ತಡ್ಕೊಂಡಿದ್ದನ್ನೂ ನಾನು ನೋಡಿದ್ದೀನಿ” ಅಂದೆ.

ಪಾಠ ಹೇಳುವುದು ಕೀಳು ಕೆಲಸ ಅಂತಲ್ಲ. ನಿನಗೆ ಅದು ಇಷ್ಟವಾದರೆ ಹೋಗು, ನಾನೇ ಬಸ್ಸು ಹತ್ತಿಸುತ್ತೇನೆ. ಹೆದರಿಕೊಂಡು ಹೋಗುವುದಾದರೆ ಮಾತ್ರ ನನಗೆ ಮುಖ ತೋರಿಸಬೇಡ.

ಹೊಸ ಹಾಳೆ ತೆಗೆ. ನೀನು ಮಾಡಿದ್ದನ್ನು ಮಾಡಿದೆ ಎಂದು ಬರಿ, ಅರವತ್ತಮೂರನ್ನೂ ಬರಿ. ನಾಚಿಕೆಯಾದರೆ ಮುಖ ತೊಳೆದುಕೊಂಡು ಬಂದು ಮುಂದುವರಿಸು. ಮೇಷ್ಟ್ರು ಓದುವುದೂ ಇಲ್ಲ, ಕನ್ನಡಕ ಸಿಗುವ ಮೊದಲೇ ಸಹಿ ಬಿದ್ದಿರುತ್ತದೆ.

ಅಮ್ಮನ ಮಂಡಿನೋವು ಹೇಗಿದೆ, ತಿಳಿಸು. ನಿನಗೆ ಒಳ್ಳೆಯದಾಗಲಿ, ಹಿಡಿದ ಕೆಲಸ ಕೈಗೂಡಲಿ. ಬೈದದ್ದನ್ನು ಹೊಟ್ಟೆಗೆ ಹಾಕಿಕೋ.

ಇಂತಿ ನಿನ್ನ
ಅಕ್ಕ

ಮರೆತ ಮಾತು: ನಾನು ಸಂಶೋಧನೆಗೆ ಅರ್ಜಿ ಹಾಕಿದಾಗ ನಮ್ಮ ಮೇಷ್ಟ್ರೂ ‘ನೀನೇ ಬರ್ಕೊಂಡು ಬಾ’ ಅಂದಿದ್ದರು. ನಾನೂ ನನ್ನನ್ನು ವಿನಯವಂತೆ ಎಂದೇ ಬರೆದುಕೊಂಡೆ. ನಿನ್ನ ಭಾವ ಆಗಿನ್ನೂ ನನ್ನ ಸಹಪಾಠಿ. “ನಂಗೆ ಬರೆಯೋಕೆ ಬರಲ್ಲ, ನೀನೇ ಬರ್ಕೊಡು” ಅಂದರು. ಒಂದು ಭಾನುವಾರ ಪೂರ್ತಿ ಕೂತು ಅವರ ಪತ್ರ ಬರೆದೆ. ಹೊಗಳಲು ಏನೂ ತೋಚದೆ, ನಾನು ಮಾಡಿದ ಪ್ರಯೋಗವನ್ನೇ ಅವರ ಹೆಸರಿಗೆ ಹಾಕಿದೆ. ಇದ್ದದ್ದು ಒಂದೇ ಸೀಟು, ಅವರಿಗೆ ಸಿಕ್ಕಿತು. ಸುದ್ದಿ ಬಂದ ದಿನ ಎಲ್ಲರಿಗಿಂತ ಮೊದಲು ಚಪ್ಪಾಳೆ ತಟ್ಟಿದವಳೂ ನಾನೇ.