ಬಾಲದ ಮೇಲಿನ ಎರಡು ನಂಬರು

ಹೊಳಿಕಟ್ಟಿ,
ಫೆಬ್ರವರಿ ೩೦, ೨೧೮೮

ಮಂದಾಕಿನಿ ಚಿತ್ರಗಾರ ಅವರಿಗೆ,

ತಾರೀಖು ನೋಡಿ ನಗಬೇಡಿ. ಫೆಬ್ರವರಿಗೆ ಮೂವತ್ತು ದಿನ ಕೊಟ್ಟು ಬಹಳ ಕಾಲವಾಯಿತು. ನನ್ನ ಕನ್ನಡ ನಿಮ್ಮ ಕಿವಿಗೆ ಸೊಟ್ಟಗೆ ಕೇಳಿಸಿದರೆ ಕ್ಷಮಿಸಿ. ನಿಮ್ಮ ಜಾಲತಾಣವನ್ನೇ ಓದಿ ಓದಿ ನಿಮ್ಮ ಕಾಲದ ಮಾತು ಕಲಿತವಳು ನಾನು, ಹಾಗಾಗಿ ತಪ್ಪಿನಲ್ಲಿ ಅರ್ಧ ಪಾಲು ನಿಮ್ಮದು. ನಿಮಗಿನ್ನೂ ಮೂವತ್ತರ ಆಸುಪಾಸು, ನನಗೆ ಎಪ್ಪತ್ತು ದಾಟಿದೆ. ಅಜ್ಜಿ ಎನ್ನಬೇಕಾದವರಿಗೆ ಬುದ್ಧಿ ಹೇಳುವ ಯೋಗ ಎಲ್ಲರಿಗೂ ಬರುವುದಿಲ್ಲ. ಇದು ಹಿಂದೋಲೆ, ಅಂದರೆ ಕಾಲದಲ್ಲಿ ಹಿಂದಕ್ಕೆ ಹೋಗುವ ಪತ್ರ. ನಮ್ಮಲ್ಲಿ ಒಬ್ಬರಿಗೆ ಬದುಕಿನಲ್ಲಿ ಒಂದೇ ಹಿಂದೋಲೆ. ನನ್ನ ಗೆಳತಿಯರು ತೀರಿಕೊಂಡ ಗಂಡಂದಿರಿಗೆ ಬರೆದರು, ನಾನು ನಿಮಗೆ ಬರೆಯುತ್ತಿದ್ದೇನೆ.

ನೀವು ಕಟ್ಟುತ್ತಿರುವ ತಾಣ ನಮ್ಮ ಕಾಲಕ್ಕೂ ಉಳಿದಿದೆ. ಹಳೆಯ ತಾಣಗಳು ಕೆಡದಂತೆ ಕಾಯುವ ಜಾಗವನ್ನು ನಾವು ಕಣಜ ಎನ್ನುತ್ತೇವೆ. ನಿಮ್ಮದನ್ನು ಕಾಯುವವಳು ನಾನೇ, ಅದಕ್ಕೆ ನನಗೆ ಸ್ವಲ್ಪ ಜಂಭವೂ ಇದೆ. ನಮ್ಮ ತೇಲುಗಾಡಿಗಳು ಸದ್ದಿಲ್ಲದೆ ಮಾಳಿಗೆಯ ಮೇಲೆ ಬಂದಿಳಿಯುತ್ತವೆ. ಹಾಗಾಗಿ ಮಕ್ಕಳು ನಿಮ್ಮ ತಾಣದಲ್ಲಿ ಹೆಲಿಕಾಪ್ಟರಿನ ಆರ್ಭಟ ಕೇಳಿ ಕಿವಿ ಮುಚ್ಚಿಕೊಂಡು, ಇನ್ನೊಮ್ಮೆ ಹಾಕಿ ಎಂದು ಪೀಡಿಸುತ್ತಾರೆ. ಕೃಷ್ಣೆಯ ದಂಡೆಯ ಉದ್ಯಾನದಲ್ಲಿ ಆ ಯಂತ್ರ ಇಂದಿಗೂ ನಿಂತಿದೆ. ಆಯುಧಪೂಜೆಗೆ ಮೈ ತೊಳೆದು, ಬಣ್ಣ ಬಳಿದು, ಬಾಲದ ಎಡಕ್ಕೆ ಒಂದು ನಂಬರು, ಬಲಕ್ಕೆ ಇನ್ನೊಂದು ನಂಬರು ಬರೆದು, ಕುಂಬಳಕಾಯಿ ಒಡೆಯುತ್ತೇವೆ. ಎರಡು ನಂಬರು ಯಾಕೆ ಎಂದು ಕೇಳಿದರೆ ಇಲ್ಲಿನ ಚಿಕ್ಕ ಮಗುವೂ ಎದೆಯುಬ್ಬಿಸಿ ಹೇಳುತ್ತದೆ.

ನಿಮಗೆ ಮಾತ್ರ ಆ ಎರಡನೆಯ ನಂಬರು ಈಗ ಗಂಟಲ ಮುಳ್ಳು. ಮಹಾಪೂರದಲ್ಲಿ ಊರಿನವರನ್ನು ಮಾಳಿಗೆಗಳಿಂದ ಎತ್ತಿ ಉಳಿಸಿದ ಹೆಲಿಕಾಪ್ಟರು ಇದೇ ಎಂದು ಎಲ್ಲರೂ ನಂಬಿದ್ದರು. ನೀವೂ ನಂಬಿಯೇ ಅದರ ಚರಿತ್ರೆ ಬರೆಯಲು ಹೊರಟಿರಿ. ಈ ಸಲ ಪೂಜೆಗೆ ಮುಂಚೆ ಹಳೆಯ ಬಣ್ಣ ಕೆರೆಸಿದಾಗ ಅಡಿಯಲ್ಲಿ ಬೇರೆಯೇ ನಂಬರಿನ ಮಸುಕು ಗುರುತು ಕಂಡಿತು. ವಿಚಾರಿಸಿದರೆ, ಇದು ಹಿಮದ ಗಡಿಯಿಂದ ಗಾಯಾಳುಗಳನ್ನು ಇಳಿಸುತ್ತಿದ್ದ ಹೆಲಿಕಾಪ್ಟರು, ಪೂರದ್ದಲ್ಲ. ಸೇವೆ ಮುಗಿಸಿ ಲಾರಿಯ ಮೇಲೆ ಊರಿಗೆ ಬಂದಾಗ ಅದರ ನಂಬರು ಮಾಸಿತ್ತು. ಬಣ್ಣ ಬಳಿಯಲು ಕರೆಸಿದ ಪೇಂಟರು ಯಾರನ್ನೂ ಕೇಳದೆ, ಊರಿಗೆಲ್ಲ ಬಾಯಿಪಾಠವಾಗಿದ್ದ ಪೂರದ ನಂಬರನ್ನೇ ಬರೆದುಬಿಟ್ಟರು. ಆ ಪೇಂಟರು ನಿಮ್ಮ ಅಪ್ಪ ಮೌನೇಶಪ್ಪ. ನೀವು ಧ್ವನಿಮುದ್ರಿಸಿಟ್ಟ ಅವರ ಮಾತನ್ನು ಎಷ್ಟು ಸಲ ಕೇಳಿದ್ದೇನೋ: “ನಂಬರ್ ಅಳಿಸಿ ಹೋಗಿತ್ತವಾ. ನಮ್ಮನ್ನ ಉಳಿಸಿದ್ದು ಇದ ಅಂತ ತಿಳದು ಬರದೆ. ಈಗ ಮಂದಿ ಮುಂದ ನನ್ನ ಹೆಸರು ಹಾಕಬ್ಯಾಡ.”

ಆದ್ದರಿಂದಲೇ ಪುಟ ಸಿದ್ಧವಿದ್ದರೂ ನೀವು ಪ್ರಕಟಿಸಿಲ್ಲ. ಊರಿನ ಹೆಮ್ಮೆ ಹೋದೀತು, ಅಪ್ಪನ ಮರ್ಯಾದೆ ಬೀದಿಪಾಲಾದೀತು ಎಂಬ ಅಂಜಿಕೆ. ‘ಒಬ್ಬ ಪೇಂಟರು’ ಎಂದಷ್ಟೇ ಬರೆದು ಹೆಸರು ನುಂಗಿಕೊಳ್ಳೋಣ ಎಂದುಕೊಂಡಿದ್ದೀರಿ. ನಿಮಗಿನ್ನೂ ಮುಂದಿರುವುದು ನನಗೆ ಹಳೆಯ ಕಥೆ: ಕೊನೆಗೆ ನೀವು ಹೆಸರು ಹಾಕಿಯೇ ಪ್ರಕಟಿಸಿದಿರಿ. ಊರು ಮೊದಲು ಮುನಿಸಿಕೊಂಡಿತು, ಸುಳ್ಳೇಕೆ ಹೇಳಲಿ. ಆಮೇಲೆ ನಿಮ್ಮ ಅಪ್ಪನೇ ಕುಂಚ ಹಿಡಿದು ಬಂದು, “ಉಳಿಸಿದ್ದರದೂ ನಂಬರ್ ಬರೀತೇನಿ, ಬಂದು ನಿಂತದ್ದರದೂ ಬರೀತೇನಿ” ಎಂದರು. ಆಗ ಯಾರೂ ಎದುರಾಡಲಿಲ್ಲ.

ಅವರಿಗೆ ಆ ಧೈರ್ಯ ಬಂದದ್ದು ಹೇಗೆಂದು ಹೇಳುತ್ತೇನೆ. ಲಡಾಖಿನ ಒಂದು ಮನೆಯಲ್ಲಿ ಒಂದು ಫೋಟೊ ಇದೆ: ಸ್ಟ್ರೆಚರಿನಲ್ಲಿ ಮಲಗಿದ ಸ್ತಾಂಜಿನ್ ಎಂಬ ಸೈನಿಕ, ಹಿಂದೆ ಹೆಲಿಕಾಪ್ಟರಿನ ಬಾಲ, ಅದರ ಮೇಲೆ ನೀವು ಕೆರೆಸಿ ಕಂಡ ನಂಬರು. ತನ್ನನ್ನು ಬದುಕಿಸಿದ ಯಂತ್ರವನ್ನು ಒಮ್ಮೆ ಮುಟ್ಟಬೇಕೆಂದು ಅವರು ಹುಡುಕದ ಜಾಗವಿಲ್ಲ. ನಿಮ್ಮ ಪುಟ ಕಂಡದ್ದೇ ಹೆಂಡತಿ ಮಕ್ಕಳೊಡನೆ ಹೊಳಿಕಟ್ಟಿಗೆ ಬಂದು ಬಸ್ಸಿಳಿದರು. ಈ ಊರಲ್ಲಿ ಅವರಿಗೆ ಗೊತ್ತಿದ್ದದ್ದು ಪುಟದಲ್ಲಿದ್ದ ಒಂದೇ ಹೆಸರು. ಅದನ್ನೇ ಕೇಳಿಕೊಂಡು ಮನೆ ಹುಡುಕಿದರು. ಬೈಯಲು ಬಂದರೆಂದು ನಿಮ್ಮ ಅಪ್ಪ ಕೈಮುಗಿದು ಬಾಗಿಲಲ್ಲೇ ನಿಂತರಂತೆ. ಸ್ತಾಂಜಿನ್ ಆ ಕೈಗಳನ್ನು ಹಿಡಿದುಕೊಂಡು, ಇಷ್ಟು ವರ್ಷ ಆ ಹೆಲಿಕಾಪ್ಟರಿಗೆ ತುಕ್ಕು ಹಿಡಿಯದಂತೆ ನೋಡಿಕೊಂಡವರು ನೀವೇ ಏನು ಎಂದು ಕೇಳಿ ಅತ್ತರು. ಅಂದು ಬಂದ ಮಕ್ಕಳಲ್ಲಿ ಒಬ್ಬಳು ಮುಂದೆ ಇದೇ ಊರಿನ ಸೊಸೆಯಾದಳು. ನಾನು ಅವಳ ಮರಿಮಗಳು.

ಆದ್ದರಿಂದ ಪುಟವನ್ನು ಪ್ರಕಟಿಸಿ. ಅಪ್ಪನ ಹೆಸರನ್ನು ಪೂರ್ತಿ ಹಾಕಿ, ಮನೆ ಯಾವ ಓಣಿಯಲ್ಲಿದೆ ಎಂಬುದನ್ನೂ ಸೇರಿಸಿ. ನಮ್ಮವರು ದೂರದಿಂದ ಹಸಿದು ಬರುತ್ತಾರೆ. ಈ ಊರಲ್ಲಿ ಅವರು ಮೊದಲು ಉಣ್ಣಬೇಕಾದದ್ದು ನಿಮ್ಮ ಮನೆಯಲ್ಲಿ.

ನಿಮ್ಮ ಬಗ್ಗೆ ಹೆಮ್ಮೆಪಡುವ,
ಪದ್ಮಾ