ಅವರು ಉಣ್ಣುವಾಗ

ಜೂನ್ 3
ಬಿಪಿ ನೋಡಿ, ಬೆಡ್‌ಶೀಟ್ ಬದಲಿಸಿದೆ. ಅಜ್ಜಿ ಅಡುಗೆಗಿದ್ದ ಈ ಮನೆಯ ಯಜಮಾನಿ ಇವತ್ತೂ ತಟ್ಟೆ ಮುಟ್ಟಲಿಲ್ಲ. ಸ್ಟ್ರೋಕ್ ಆದಮೇಲೆ ನುಂಗುವುದೇ ಕಷ್ಟ. ತಿನ್ನುವಾಗ ಅವರ ಮೇಲಿಂದ ಕಣ್ಣು ತೆಗೆಯಬೇಡಿ ಎಂದಿದ್ದಾರೆ ಡಾಕ್ಟರು. ಇವರದು ಬೇರೆಯೇ ಹಟ.
"ನೀನು ನಮ್ಮ ಅಡುಗೆಯವಳ ಮೊಮ್ಮಗಳಲ್ವಾ? ಗೋಡೆ ಕಡೆ ತಿರುಗು. ಆಮೇಲೆ ತಿಂತೀನಿ."
ಮಗನ ಹೆಸರೇ ಮರೆತಿದೆ, ಇದು ಮರೆತಿಲ್ಲ!
"ನಾನು ನರ್ಸು, ಮೇಡಮ್."
ತಟ್ಟೆ ತಳ್ಳಿಬಿಟ್ಟರು.

ಸಂಜೆ
ಅಮ್ಮನಿಗೆ ಹೇಳಿದೆ. ನಗುತ್ತಾಳೆ ಅಂದುಕೊಂಡಿದ್ದೆ.
"ಅವ್ರು ಉಣ್ಣೋವಾಗ ನಮ್ಮ ಕಣ್ಣು ಬೀಳಬಾರದು ಕಣೇ. ನಿಮ್ಮಜ್ಜಿ ಹಾಗೇ ನಿಂತಿರ್ತಿದ್ಳು. ನಾನೂ ನಿಂತಿದ್ದೀನಿ."
ಅಮ್ಮ ಆ ಮನೆಯ ಕೆಲಸ ಬಿಟ್ಟು ಎಷ್ಟು ಕಾಲವಾಯಿತು! ಈಗಲೂ ನನಗೆ ಬಡಿಸಿ ಕಿಟಕಿ ಕಡೆ ನೋಡುತ್ತಾ ನಿಲ್ಲುತ್ತಾಳೆ. ಇವತ್ತು ಗಮನಿಸಿದೆ.

ಜೂನ್ 5
ಬರೀ ಹಾಲು, ನೀರು. ಮಗರಾಯರು ಬಾಗಿಲಲ್ಲೇ ನಿಂತು, "ಸ್ವಲ್ಪ ತಿರುಗಿದ್ರೆ ನಿಮ್ಮ ಗಂಟೇನು ಹೋಗುತ್ತೆ ಸಿಸ್ಟರ್?" ಎಂದರು. ಹೊಟ್ಟೆಗೆ ಏನಾದರೂ ಬಿದ್ದರೆ ಸಾಕೆಂದು ತಿರುಗಿದೆ.
ಮೆಟ್ಟಿಲು ಹತ್ತಲಾರರೆಂದು ಹಳೇ ಊಟದ ಕೋಣೆಯಲ್ಲೇ ಮಂಚ ಹಾಕಿದ್ದಾರೆ. ಗೋಡೆಯ ಮೇಲೆ, ಸರಿಯಾಗಿ ನನ್ನ ಹಣೆಯ ಎತ್ತರಕ್ಕೆ, ತಲೆಗೆ ಹಚ್ಚುವ ಎಣ್ಣೆಜಿಡ್ಡಿನ ಮಸುಕು ಕಲೆ. ಎಷ್ಟು ಸಲ ಬಣ್ಣ ಬಳಿದರೋ, ಹೋಗಿಲ್ಲ. ನಮ್ಮ ಮನೆ ಹೆಂಗಸರೆಲ್ಲ ಒಂದೇ ಎತ್ತರ...
ಹಿಂದೆ ಚಮಚದ ಸದ್ದು. ತಟ್ಟೆ ಖಾಲಿ.
"ಅದೇನು ಮಂತ್ರ ಹಾಕಿದ್ರಿ?" ಎಂದರು ಡಾಕ್ಟರು. ಚಾರ್ಟಿನಲ್ಲಿ 'ಪೂರ್ತಿ ತಿಂದರು' ಎಂದಷ್ಟೇ ಬರೆದೆ.

ಜೂನ್ 9
ಈಗ ಅವರು ಹೇಳುವುದೇ ಬೇಡ. ತಟ್ಟೆ ಇಟ್ಟ ತಕ್ಷಣ ಕಾಲು ತಾನಾಗಿ ತಿರುಗುತ್ತದೆ. ಅವರು 'ಆಯ್ತು' ಎನ್ನುವವರೆಗೆ ಹಾಗೇ ನಿಲ್ಲುತ್ತೇನೆ. ಬೆನ್ನ ಹಿಂದೆ ಅವರು ತಿನ್ನುತ್ತಾರೆ, ಪಕ್ಕದಲ್ಲಿ ಇನ್ಯಾರೋ ನಿಂತು ಉಸಿರಾಡಿದ ಹಾಗಿರುತ್ತದೆ. ಹೆದರಿಕೆಯಾಗುತ್ತಿದೆ. ನಾಳೆ ತಿರುಗುವುದಿಲ್ಲ. ಏನಾದರಾಗಲಿ.

ಜೂನ್ 14
ಬರೆಯಲು ಕೈ ಬಂದಿರಲಿಲ್ಲ.
ಹತ್ತನೇ ತಾರೀಖು, ಮಧ್ಯಾಹ್ನ. ಮತ್ತೆ ಗೋಡೆಗೇ ತಿರುಗಿದ್ದೆ. ಚಮಚ ನೆಲಕ್ಕೆ ಬಿತ್ತು. ಕೆಮ್ಮು. ಆಮೇಲೆ ಕೆಮ್ಮೂ ಇಲ್ಲ. ಗಂಟಲಿಗೆ ಸಿಕ್ಕಿಕೊಂಡಿದೆ ಎಂದು ಗೊತ್ತಾಯಿತು. ಗೊತ್ತಾಗಿಯೂ ಕತ್ತು ತಿರುಗಲಿಲ್ಲ — 'ಆಯ್ತು' ಎನ್ನಲಿ ಎಂದು ಕಾದೆ. ನರ್ಸಂತೆ ನಾನು, ನರ್ಸು! ತಿರುಗುವಷ್ಟರಲ್ಲಿ ತುಟಿ ನೀಲಿ. ಬೆನ್ನು ಗುದ್ದಿದೆ, ಹೊಟ್ಟೆ ಒತ್ತಿದೆ. ಉಳಿಯಲಿಲ್ಲ.
"ವಯಸ್ಸಾಗಿತ್ತು ಬಿಡಿ," ಎಂದರು ಮಗರಾಯರು. ಯಾರೂ ಏನೂ ಕೇಳಲಿಲ್ಲ.
ಇವತ್ತು ಅಮ್ಮನಿಗೆ ಎಲ್ಲ ಹೇಳಿದೆ. ಚೆನ್ನಾಗಿ ಬೈಯಲಿ ಎಂದೇ ಹೇಳಿದೆ. ತಲೆ ಸವರಿ, ಮೆಲ್ಲಗೆ ಕೇಳಿದಳು:
"ಅವ್ರು ತಿನ್ನೋವಾಗ ನೋಡ್ಲಿಲ್ಲ ತಾನೇ?"
"ಇಲ್ಲಮ್ಮ."
"ಸದ್ಯ."
ಅವಳ ಮುಖದಲ್ಲಿ ಎಂಥ ನೆಮ್ಮದಿ! ಅದನ್ನು ಕಂಡು ನನಗೂ ನೆಮ್ಮದಿಯಾಗಿಬಿಟ್ಟಿತು.